ಶ್ರೀಗಂಧವೂ ಬೈಗುಳವಂತೆ!

(ಹಳಿಯಾಳದ ಮುದ್ರಣಾಲಯದ ಮಾಲೀಕರೊಬ್ಬರು ಯುವಕರ ಮುಂದೆ ಆಡಿದ ಮಾತುಗಳ ಬರಹರೂಪ)



ನಾನು ಭಾಷಣಕಾರನಲ್ಲ. ಪಿಯುಸಿ ಮುಗಿಸಿ ಅಪ್ಪನ ಪ್ರೆಸ್ಸಿಗೆ ಬಂದವನು. ಮೊದಲು ಮೊಳೆ ಜೋಡಿಸಿದೆ, ಈಗ ಕಂಪ್ಯೂಟರ್ ಮುಂದೆ ಕೂರುತ್ತೇನೆ. ಅಕ್ಷರವೇ ನನಗೆ ಅನ್ನ. ಆ ಅನ್ನದಲ್ಲಿ ಕಲ್ಲು ಸಿಕ್ಕಿದ ಕತೆಯಿಂದಲೇ ಶುರು ಮಾಡುತ್ತೇನೆ.

ಕೆಲವು ವರ್ಷದ ಹಿಂದೆ ಒಂದು ಮದುವೆ ಪತ್ರಿಕೆ ಅಚ್ಚಿಗೆ ಬಂತು. ಹಳೆಯ ಪತ್ರಿಕೆಯ ಫೈಲನ್ನೇ ತೆಗೆದೆ. ಹಳೆಯ ವರ ರವಿ, ಹೊಸ ವರ ರಮೇಶ. 'ರವಿ' ಇದ್ದಲ್ಲೆಲ್ಲ 'ರಮೇಶ' ಹಾಕು ಎಂದು ಕಂಪ್ಯೂಟರಿಗೆ ಹೇಳಿದೆ. ಕ್ಷಣದಲ್ಲಿ ಮುಗಿಯಿತು. 500 ಪ್ರತಿ ಅಚ್ಚಾಯಿತು. ಸಂಜೆ ಹುಡುಗಿಯ ತಂದೆ ಬಂದರು. "ಮಾಲಕ್ರ, ಮದುವಿ ಯಾವ ವಾರ ಐತ್ರೀ?" ಎಂದರು. ನೋಡುತ್ತೇನೆ, 'ರವಿವಾರ' ಹೋಗಿ 'ರಮೇಶವಾರ' ಆಗಿಬಿಟ್ಟಿದೆ! ಐನೂರೂ ರದ್ದಿಗೆ ಹೋದವು. ತಪ್ಪು ನನ್ನದೇ. ಕರಡು ತಿದ್ದುವ ಕಣ್ಣಿನ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿ ಚಹಾ ಕುಡಿಯಲು ಹೋಗಿದ್ದೆ.

ನಿಮ್ಮ ಮೊಬೈಲಿನಲ್ಲಿ ಬೈಗುಳ ಹಿಡಿಯಲು ಕೂರಿಸಿದ ಯಂತ್ರದ ಕತೆಯೂ ಇದೇ. ಕಂಪನಿಯವರು ಕೆಟ್ಟ ಪದಗಳ ಪಟ್ಟಿ ಮಾಡುತ್ತಾರೆ. ನೀವು ಬರೆದುದರಲ್ಲಿ ಆ ಅಕ್ಷರಗಳು ಒಂದರ ಪಕ್ಕ ಒಂದು ಕಂಡರೆ ಸಾಕು, ಪದದ ಮೇಲೆ ನಕ್ಷತ್ರ ಬೀಳುತ್ತದೆ. ಇಲ್ಲವೇ ಬರೆದದ್ದೇ ಮಾಯ! ಅರ್ಥದ ಗೊಡವೆ ಅದಕ್ಕಿಲ್ಲ.

1996ರಲ್ಲಿ ಇಂಗ್ಲೆಂಡಿನ ಸ್ಕನ್‌ಥಾರ್ಪ್ ಊರಿನವರು ಅಮೆರಿಕದ ಎಒಎಲ್ ಕಂಪನಿಯಲ್ಲಿ ಖಾತೆ ತೆರೆಯಲು ಹೋದರೆ ಯಂತ್ರ ಬಿಡಲಿಲ್ಲ. ಊರ ಹೆಸರಿನ ಸ್ಪೆಲಿಂಗಿನ ಹೊಟ್ಟೆಯಲ್ಲಿ ಒಂದು ಹೊಲಸು ಪದ ಕೂತಿತ್ತು. ಈ ರೋಗಕ್ಕೆ ಆ ಊರಿನ ಹೆಸರೇ ನಿಂತುಹೋಯಿತು. 25 ವರ್ಷ ಕಳೆದರೂ ವಾಸಿಯಾಗಲಿಲ್ಲ. 2021ರಲ್ಲಿ ಫ್ರಾನ್ಸಿನ ಬಿಚ್ ಎಂಬ ಪಟ್ಟಣದ ಪುಟವನ್ನೇ ಫೇಸ್‌ಬುಕ್ ತೆಗೆದುಹಾಕಿತು. ಅವರ ಊರ ಹೆಸರು ಇಂಗ್ಲಿಷರಿಗೆ ಬೈಗುಳ! ಊರಿನವರು ಸುಮ್ಮನೆ ಕೂರಲಿಲ್ಲ. ಕಂಪನಿ ತಪ್ಪೊಪ್ಪಿಕೊಂಡು ಪುಟ ಮರಳಿಸಿತು.

ಇಂಗ್ಲೆಂಡಿನವರಿಗೇ ಈ ಗತಿಯಾದರೆ, ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟುವ ನಿಮ್ಮ ಗತಿ ಏನು? ಇಂಥ ಪಟ್ಟಿಯ ಜರಡಿಗೆ ನಮ್ಮ ಮಾತು ಹಾಕಿ ನೋಡಿ. ಹಾಸನದ ಇಂಗ್ಲಿಷ್ ಸ್ಪೆಲಿಂಗಿನ ನಡುವೆ ಕತ್ತೆ, ಕುಂಡೆ ಎಂಬ ಅರ್ಥದ ಮೂರಕ್ಷರ ಇದೆ. ಜೋಯಿಡಾ, ದಾಂಡೇಲಿಯ ಸುತ್ತ ಇರುವ ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಹೆಸರು ಬರೆಯಿರಿ. 'ಸಂರಕ್ಷಿತ'ದ ಒಳಗೆ ಇಂಗ್ಲಿಷಿನ ಹೇಲು! ಮುಂಡಗೋಡಿನ ಮಗು ಶಾಲೆಗೆ 'ಸಾಲಿ' ಎನ್ನುತ್ತದೆ. ಹಿಂದಿಯ ಪಟ್ಟಿಗೆ ಅದು ಬೈಗುಳ. ಇನ್ನು 'ಗಂಧ' ಬರೆದರೆ ಹಿಂದಿಯ ಒಂದು ಹೊಲಸು ಪದದ ನಾಲ್ಕೂ ಅಕ್ಷರ ಸಾಲಾಗಿ ನಿಲ್ಲುತ್ತವೆ. ಗಂಧದ ನಾಡಿನವರು ಗಂಧ ಎನ್ನಲು ಯಾರ ಅಪ್ಪಣೆ ಬೇಕು?

ಕನ್ನಡ ಲಿಪಿಯಲ್ಲಿ ಬರೆದರೆ ಪಾರಾದೆವೇ? ಅದೂ ಇಲ್ಲ. 'ಸೂಳೆ' ಎಂಬುದನ್ನು ಪಟ್ಟಿಗೆ ಸೇರಿಸಿದರೆ ಚನ್ನಗಿರಿ ತಾಲ್ಲೂಕಿನ ಸೂಳೆಕೆರೆ ಬತ್ತಿಹೋಗುತ್ತದೆ. 12ನೇ ಶತಮಾನದ ವಚನಕಾರ್ತಿ ಸೂಳೆ ಸಂಕವ್ವೆಗೆ ಬಾಯಿ ಕಟ್ಟುತ್ತದೆ. 'ಬೋಳಿ' ಸೇರಿಸಿದರೆ ಗಡ್ಡ ಬೋಳಿಸುವಂತಿಲ್ಲ. 'ಮುಂಡೆ' ಸೇರಿಸಿದರೆ ಮಹಾರಾಷ್ಟ್ರದ ಉಪಮುಖ್ಯಮಂತ್ರಿಯಾಗಿದ್ದ ಗೋಪೀನಾಥ ಮುಂಡೆಯವರ ಹೆಸರೂ ಹೋಯಿತು. ನಮ್ಮ ನಾಲ್ಕು ತಾಲ್ಲೂಕಿನವರಿಗೆ ಇದನ್ನು ಬಿಡಿಸಿ ಹೇಳಬೇಕೇ? ಕನ್ನಡದ ಜೊತೆ ಕೊಂಕಣಿ, ಮರಾಠಿ, ಉರ್ದು, ಮುಂಡಗೋಡಿನಲ್ಲಿ ಟಿಬೇಟಿಯನ್ ಭಾಷೆಯೂ ಉಂಟು. ಒಬ್ಬರ ಬೈಗುಳ ಇನ್ನೊಬ್ಬರ ಮನೆತನದ ಹೆಸರು. ಸಂತೆಯ ಮುದುಕಿಗೂ ತಿಳಿದ ಈ ಮಾತು ಯಂತ್ರಕ್ಕೆ ತಿಳಿಯದು.

ನಗಬೇಡಿ ಗೆಳೆಯರೇ, ಅಳುವ ಮಾತು ಮುಂದಿದೆ. ನಿಜವಾಗಿ ಬೈಯುವವನು ಏನು ಮಾಡುತ್ತಾನೆ? ನಡುವೆ ಒಂದು ಚುಕ್ಕಿ ಇಡುತ್ತಾನೆ, ಒಂದು ಅಕ್ಷರದ ಬದಲು ಅಂಕಿ ಹಾಕುತ್ತಾನೆ, ದಾಟಿಹೋಗುತ್ತಾನೆ. ಅದಕ್ಕಿಂತ ಕೆಟ್ಟದ್ದುಂಟು. ನಮ್ಮ ಸಿದ್ದಿ ಹುಡುಗನೊಬ್ಬನಿಗೆ "ನಿನ್ನ ಆಫ್ರಿಕಾಕ್ಕೆ ನೀನು ಹೋಗು" ಎಂದು ಯಾರೋ ಬರೆದರೆ, ಅದರಲ್ಲಿ ಒಂದಾದರೂ ಹೊಲಸು ಪದ ಇದೆಯೇ? ಇಲ್ಲ. ಯಂತ್ರ ತಣ್ಣಗೆ ಬಿಟ್ಟುಕೊಡುತ್ತದೆ. ತಲೆಮಾರುಗಳಿಂದ ಇದೇ ಮಣ್ಣಿನಲ್ಲಿ ಬಾಳಿದವನ ಎದೆಗೆ ಚೂರಿ ಹಾಕಿದ ಮಾತು ಉಳಿಯಿತು, 'ಸಾಲಿಗೆ ಹೋಗ್ತೇನೆ' ಎಂಬ ಮಾತು ಅಳಿಯಿತು. ಇದು ಯಾವ ನ್ಯಾಯ?

2021ರ ಜೂನ್ ನೆನಪಿದೆಯೇ? ಭಾರತದ ಅತಿ ಕೊಳಕು ಭಾಷೆ ಯಾವುದು ಎಂದು ಹುಡುಕಿದರೆ ಗೂಗಲ್ ಯಂತ್ರ ಕನ್ನಡದ ಹೆಸರು ತೋರಿಸಿತು. ನಾಡೆಲ್ಲ ಕೆರಳಿತು. ಸರ್ಕಾರ ನೋಟಿಸಿನ ಮಾತಾಡಿತು. ಕಂಪನಿ ಕ್ಷಮೆ ಕೇಳಿತು. ಯಂತ್ರಕ್ಕೆ ನಮ್ಮ ಮೇಲೆ ದ್ವೇಷ ಇರಲಿಲ್ಲ. ಕನ್ನಡ ಬಲ್ಲ ಒಂದು ಕಣ್ಣು ಅದರ ಹಿಂದೆ ಇರಲಿಲ್ಲ, ಅಷ್ಟೇ.

ಈಗಿನ ಯಂತ್ರಗಳು ಬರೀ ಪಟ್ಟಿ ನೋಡುವುದಿಲ್ಲ, ಉದಾಹರಣೆಗಳಿಂದ ಕಲಿಯುತ್ತವೆ ಎನ್ನುತ್ತೀರಿ. ಸಂತೋಷ. ಕಲಿಸುವವನಿಗೆ ಕನ್ನಡ ಬರಬೇಕಲ್ಲ? 'ಪೂರ್ತಿ ಪದ ಹೊಂದಿದರೆ ಮಾತ್ರ ಹಿಡಿ' ಎಂಬ ಉಪಾಯ ಇಂಗ್ಲಿಷಿಗೆ ತಕ್ಕಮಟ್ಟಿಗೆ ಸಾಕು. ಕನ್ನಡದಲ್ಲಿ ಪದದ ಬಾಲಕ್ಕೆ ವಿಭಕ್ತಿ ಅಂಟುತ್ತದೆ, ಸಂಧಿಯಾಗುತ್ತದೆ. ಬೈಗುಳಕ್ಕೆ ಒಂದು 'ಗೆ' ಅಂಟಿಸಿದರೆ ಆ ಉಪಾಯ ಮಣ್ಣುಪಾಲು.

ಬೆಂಗಳೂರು, ಹುಬ್ಬಳ್ಳಿಯಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ನೀವು ಮೂರು ಕೆಲಸ ಮಾಡಿ. ನಿಮ್ಮ ಒಳ್ಳೆಯ ಮಾತನ್ನು ಯಂತ್ರ ಕತ್ತರಿಸಿದರೆ ಸುಮ್ಮನಿರಬೇಡಿ, ಪರದೆಯ ಚಿತ್ರ ತೆಗೆದಿಟ್ಟು ಕಂಪನಿಗೆ ಕನ್ನಡದಲ್ಲೇ ಮೇಲ್ಮನವಿ ಹಾಕಿ. ಕನ್ನಡವನ್ನು ಕನ್ನಡದ ಅಕ್ಷರದಲ್ಲೇ ಬರೆಯಿರಿ. 1991ರಲ್ಲೇ ಯುನಿಕೋಡಿನಲ್ಲಿ ನಮಗೆ ಜಾಗ ಸಿಕ್ಕಿದೆ, ಇನ್ನೂ ಯಾಕೆ ಬಾಡಿಗೆ ಮನೆ? ಮೂರನೆಯದು, ನಿಮ್ಮಲ್ಲಿ ಯಾರಾದರೂ ಇಂಥ ಯಂತ್ರ ಕಟ್ಟುವ ಕೆಲಸದಲ್ಲಿದ್ದರೆ, ಕನ್ನಡ ಬಲ್ಲ ಮನುಷ್ಯ ಕಣ್ಣಾಡಿಸದೆ ಕನ್ನಡದ ಮಾತು ಅಳಿಸಬಾರದು ಎಂದು ಮೇಜು ಕುಟ್ಟಿ ಕೇಳಿ.

ನನ್ನ ಪ್ರೆಸ್ಸಿನಲ್ಲಿ ಈಗ ಒಂದು ನೇಮ. ಎಷ್ಟೇ ಅವಸರವಿರಲಿ, ಕರಡು ಒಬ್ಬರ ಕಣ್ಣಿಗೆ ಬೀಳದೆ ಮಷಿನ್ ಏರುವುದಿಲ್ಲ. ಹಳಿಯಾಳದ ಸಣ್ಣ ಪ್ರೆಸ್ಸಿನವನಿಗೆ ಆಗುವ ಕೆಲಸ, ಕೋಟಿ ಕೋಟಿ ಎಣಿಸುವ ಕಂಪನಿಗೆ ಆಗುವುದಿಲ್ಲವೇ?

ಸಿರಿಗನ್ನಡಂ ಗೆಲ್ಗೆ!