ಬಿಟ್ಟ ಬಿಡಾರದ ಕರೆಂಟು ಬಿಲ್ಲು

(ಕಟಪಾಡಿಯಲ್ಲಿ ಕಾರ್ಮಿಕರು ಹಾಗೂ ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಬಿಡಾರ ಬದಲಿಸಿದವರ ಬೆನ್ನು ಹತ್ತಿ ಬರುವ ಒಂದು ಚೀಟಿಯ ವಿಷಯವಾಗಿ ಇಂದು ನಾಲ್ಕು ಮಾತು ಹೇಳಲಿದ್ದೇವೆ. ಅದು ಕರೆಂಟಿನ ಕೊನೆಯ ಬಿಲ್ಲು.

ನಮ್ಮದು ಎಣಿಸಿ ಬದುಕುವ ಸೀಮೆ. ಇಲ್ಲೇ ಪಕ್ಕದ ಶಂಕರಪುರದ ಮಲ್ಲಿಗೆಗೆ 800 ಹೂವಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ ಎಂಬ ಲೆಕ್ಕವಿದೆ. ಬೀಡಿ ಕಟ್ಟುವ ಅಕ್ಕಂದಿರು ಸಾವಿರದ ಲೆಕ್ಕ ತಪ್ಪುವವರಲ್ಲ. ಆದರೆ ಮನೆ ಬಿಟ್ಟ ದಿನ ಗೋಡೆಯ ಮೀಟರಿನ ಅಂಕಿ ಬರೆದಿಟ್ಟುಕೊಂಡವರು ನಮ್ಮಲ್ಲಿ ಎಷ್ಟು ಮಂದಿ?

ಒಂದು ಲೆಕ್ಕ ಹಾಕಿ ನೋಡೋಣ. ಹಿಂದಿನ ಬಿಲ್ಲು 4250ಕ್ಕೆ ಮುಗಿದಿತ್ತು. ನಾವು ಬೀಗದ ಕೈ ಒಪ್ಪಿಸಿದ ದಿನ ಮೀಟರು 4310 ತೋರಿಸಿತು ಎನ್ನಿ. ನಮ್ಮ ಪಾಲು 60 ಯೂನಿಟು. ರೀಡಿಂಗಿನವರು ಬರುವಷ್ಟರಲ್ಲಿ ಹೊಸಬರು ಬಂದು ಪಂಪು ಓಡಿಸಿ ಅಂಕಿ 4490 ಆಗಿದೆ. ಬಿಲ್ಲು 240 ಯೂನಿಟಿಗೆ! 2023ರಲ್ಲಿ ಆರಂಭವಾದ ಗೃಹಜ್ಯೋತಿಯ 200 ಯೂನಿಟಿನ ಮಿತಿಯನ್ನೂ ಅದು ದಾಟಿತು. ಪೂರ್ತಿ ಹಣ ತೆರಬೇಕು. ಮನೆಯ ಯಜಮಾನರು ಅದನ್ನು ನಮ್ಮ ಮುಂಗಡದಲ್ಲಿ ಮುರಿದುಕೊಳ್ಳುತ್ತಾರೆ. ನಮ್ಮದಲ್ಲದ 180 ಯೂನಿಟನ್ನು ಅಲ್ಲವೆನ್ನಲು ನಮ್ಮ ಕೈಯಲ್ಲಿ ಏನಿದೆ? ಬರಿಯ ಬಾಯಿಮಾತು.

ಯಜಮಾನರನ್ನು ಮಾತ್ರ ದೂರಿ ಫಲವಿಲ್ಲ. ಅವರಿಗೂ ಭಯವಿದೆ. ಹಿಂದಿನವರ ಬಾಕಿ ತೀರದೆ ಅದೇ ಸ್ಥಳಕ್ಕೆ ಹೊಸ ಸಂಪರ್ಕ ಕೊಡುವುದಿಲ್ಲವೆಂಬ ನಿಯಮ ಸಿಂಧುವೆಂದು ಸುಪ್ರೀಂ ಕೋರ್ಟು 2023ರಲ್ಲಿ ಕೇರಳದ ಮೊಕದ್ದಮೆಯೊಂದರಲ್ಲಿ ಹೇಳಿದೆ. ಮೀಟರು ಓದುವ ಹುಡುಗನೊಡನೆಯೂ ಜಗಳ ಬೇಡ. ಅವನೂ ದುಡಿದು ತಿನ್ನುವವನೇ. ಕಂಡ ಅಂಕಿಯನ್ನು ಒತ್ತಿದ್ದಾನೆ, ಅಷ್ಟೆ.

ಹಾಗಾದರೆ ಮಾಡಬೇಕಾದ್ದೇನು?

ಮೊದಲನೆಯದು, ಬಿಡುವ ಮುನ್ನವೇ ಬರೆಯಿರಿ. ಮೀಟರು ಯಜಮಾನರ ಹೆಸರಿನಲ್ಲಿದ್ದರೆ ಅವರ ರುಜು ಹಾಕಿಸಿ, ಆರ್.ಆರ್. ನಂಬ್ರ ಕಾಣಿಸಿ, ವಿಶೇಷ ರೀಡಿಂಗು ತೆಗೆದು ಕೊನೆಯ ಬಿಲ್ಲು ಕೊಡಿರೆಂದು ಮೆಸ್ಕಾಂ ಕಚೇರಿಗೆ ಅರ್ಜಿ ಕೊಡಿ. ಕೇಂದ್ರ ಸರಕಾರದ 2020ರ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳಲ್ಲಿ ಇದಕ್ಕೆ ಅವಕಾಶವಿದೆ. ಹಾಗೆ ಕೊನೆಯ ಬಿಲ್ಲು ಕೊಟ್ಟ ಮೇಲೆ ಅದಕ್ಕೂ ಹಿಂದಿನ ಬಾಕಿಯನ್ನು ಕೆದಕಿ ಕೇಳುವಂತಿಲ್ಲ. ಹಣ ಕಟ್ಟಿ, ಬಾಕಿಯಿಲ್ಲವೆಂಬ ಪತ್ರ ಪಡೆಯಿರಿ. ಅಂಗಡಿ ಖಾಲಿ ಮಾಡುವವರು ತಾವು ಇಟ್ಟ ಠೇವಣಿಯನ್ನು ಮರೆಯಬೇಡಿ. ಅದು ಕೇಳಿ ಪಡೆಯುವ ಹಣ.

ಎರಡನೆಯದು, ಬೀಗದ ಕೈ ಒಪ್ಪಿಸುವಾಗ ಮೀಟರಿನ ಅಂಕಿ, ತಾರೀಕು ಎರಡನ್ನೂ ಕಾಗದದಲ್ಲಿ ಬರೆದು ಯಜಮಾನರ ರುಜು ಪಡೆಯಿರಿ. ಮೊಬೈಲಿನಲ್ಲಿ ಮೀಟರಿನ ಫೋಟೋ ತೆಗೆಯಿರಿ. ಗೃಹಜ್ಯೋತಿಗೆ ಜೋಡಿಸಿದ ಆಧಾರನ್ನು ಹಳೆಯ ಮನೆಯಿಂದ ಬಿಡಿಸಿಕೊಳ್ಳಿ. ಇಲ್ಲವಾದರೆ ಹೊಸ ಮನೆಯಲ್ಲಿ ಇನ್ನೊಂದು ಬಿಲ್ಲು ಕಾದಿರುತ್ತದೆ.

ಮೂರನೆಯದು, ತಪ್ಪು ಬಿಲ್ಲು ಬಂದರೆ ಅಡಗಿ ಕೂರಬೇಡಿ. ಲಿಖಿತ ಆಕ್ಷೇಪಣೆ ಕೊಟ್ಟು ಸ್ವೀಕೃತಿ ಪಡೆಯಿರಿ. 2003ರ ವಿದ್ಯುತ್ ಕಾಯಿದೆಯ 56ನೇ ಕಲಮಿನಂತೆ 15 ದಿನಗಳ ನೋಟೀಸಿಲ್ಲದೆ ಫ್ಯೂಜು ಕೀಳುವಂತಿಲ್ಲ. ಕೇಳಿದ ಮೊತ್ತ, ಇಲ್ಲವೇ ಹಿಂದಿನ 6 ತಿಂಗಳ ಸರಾಸರಿ, ಇವೆರಡರಲ್ಲಿ ಕಡಿಮೆಯದನ್ನು ಆಕ್ಷೇಪಣೆಯೊಡನೆ ಕಟ್ಟಿದರೆ ವಿವಾದ ತೀರುವ ತನಕ ಕರೆಂಟು ಉಳಿಯುತ್ತದೆ. ಕಚೇರಿ ಕೇಳದಿದ್ದರೆ ಗ್ರಾಹಕರ ಕುಂದುಕೊರತೆ ವೇದಿಕೆಯಿದೆ. ಅದರ ಮೇಲೆ ವಿದ್ಯುತ್ ಒಂಬುಡ್ಸ್‌ಮನ್ ಇದ್ದಾರೆ.

ಮಿತ್ರರೇ, ಸುಟ್ಟ ಕರೆಂಟಿನ ಹಣ ಕೊಡುವುದಿಲ್ಲ ಎನ್ನುವವರು ನಾವಲ್ಲ. ನಮ್ಮ 60 ಯೂನಿಟಿನ ಹಣವನ್ನು ಕೊಟ್ಟೇ ತೀರುತ್ತೇವೆ. ಸುಡದ 180ರ ಹಣವನ್ನು ಕೂಲಿಯಿಂದ ಕಿತ್ತುಕೊಡಲಾರೆವು. ಶಾಲೆಯಲ್ಲಿ ಮಕ್ಕಳ ಕೈಹಿಡಿದು ಕಾಪಿ ಬರೆಸಿದವರು ನಾವು. ಬರೆಯಲು ಬಾರದ ನೆರೆಯವರಿದ್ದರೆ ಅವರ ಅರ್ಜಿಯನ್ನು ನೀವು ಬರೆದುಕೊಡಿ. ಬರೆದು ನಿಮಗೂ ಅಭ್ಯಾಸವಾಗಲಿ. ಇಂದು ಮನೆಗೆ ಹೋದೊಡನೆ ಮೀಟರಿನ ಕೆಳಗೆ ನಿಂತು ಅಂಕಿ ಬರೆದುಕೊಳ್ಳಿ. ನಮ್ಮ ಬೇಡಿಕೆ ಇಂದಿಗೆ ಇಷ್ಟೇ.