ಮೂರು ತಾಲ್ಲೂಕಿನ ಹೊಳೆ, ಹಲಗೆ ಹಾಕೋರು ಯಾರು?

ಇವತ್ತು ದೊಡ್ಡ ಸುದ್ದಿಗಳನ್ನು ಪಕ್ಕಕ್ಕಿಟ್ಟು ಒಂದು ಸಣ್ಣ ಹೊಳೆ ಬಗ್ಗೆ ಮಾತಾಡ್ತೀನಿ. ಹೆಸರು ಗೌರಿ ಹೊಳೆ. ಸುಳ್ಯದ ಬೆಳ್ಳಾರೆ, ಪೆರುವಾಜೆ ಕಡೆಯಿಂದ ಬರುತ್ತೆ, ಪುತ್ತೂರಿನ ಸರ್ವೆಯಲ್ಲಿ ಹಾಯುತ್ತೆ, ಕುಮಾರಧಾರೆ ಸೇರುತ್ತೆ. ಈ ಎರಡು ತಾಲ್ಲೂಕಿನ ಹಳ್ಳಿಗಳನ್ನು ಸೇರಿಸಿ ಕಡಬ ತಾಲ್ಲೂಕು ಮಾಡಿದ ಮೇಲೆ ಹೊಳೆಗೆ ಮೂರು ತಾಲ್ಲೂಕಾಯ್ತು. ನೀರು ಮಾತ್ರ ಅದೇ.

ಜುಲೈನಲ್ಲಿ ಸೇತುವೆ ಮೇಲೆ ನಿಂತರೆ ಎದೆ ಝಲ್ ಅನ್ನುತ್ತೆ. ಮಾರ್ಚ್ ಬಂತು ಅಂದ್ರೆ ಇಂಥ ಹೊಳೆಗಳಲ್ಲಿ ಬರೀ ಕಲ್ಲು, ಅಲ್ಲೊಂದು ಇಲ್ಲೊಂದು ಗುಂಡಿ. ಮಳೆ ಕಮ್ಮಿನಾ? ನಾನು ಎಂಜಿನಿಯರಿಂಗ್ ಓದಿದವನು, ಲೆಕ್ಕ ಹಾಕದೆ ನಂಬಲ್ಲ. ಈ ಭಾಗದಲ್ಲಿ ವರ್ಷಕ್ಕೆ 3,500 ಮಿಲಿಮೀಟರ್ ಮಳೆ ಅಂತ ಹಿಡಿಯಿರಿ. ಒಂದೇ ಎಕರೆ ಮೇಲೆ ಬೀಳುವುದು ಸುಮಾರು 1.4 ಕೋಟಿ ಲೀಟರ್! ಬರುವ ನೀರಿಗೆ ಕೊರತೆಯಿಲ್ಲ, ನಿಲ್ಲೋದಕ್ಕೆ ಜಾಗ ಇಲ್ಲ.

ಹಿಂದೆ ಜಾಗ ಇತ್ತು. ಬೈಲಿನ ಗದ್ದೆಗಳಲ್ಲಿ ತಿಂಗಳುಗಟ್ಟಲೆ ನೀರು ನಿಲ್ಲುತ್ತಿತ್ತು. ಮಳೆ ಮುಗಿದು ಹರಿವು ಇಳಿದಾಗ ಊರವರೇ ಸೇರಿ ಕಲ್ಲು, ಮಣ್ಣು, ಅಡಿಕೆ ಮರದಿಂದ ಹೊಳೆಗೆ ಕಟ್ಟ ಕಟ್ಟುತ್ತಿದ್ದರು. ನಿಂತ ನೀರು ದಡದ ಮಣ್ಣಿಗೆ ಇಂಗಿ ಬಾವಿಗಳಿಗೆ ಬರುತ್ತಿತ್ತು. ಮೊದಲ ದೊಡ್ಡ ಮಳೆಗೆ ಕಟ್ಟ ಕೊಚ್ಚಿಹೋಗುತ್ತಿತ್ತು, ಹೂಳೂ ಜೊತೆಗೇ ಹೋಗುತ್ತಿತ್ತು. ಆಮೇಲೆ ಗದ್ದೆ ಅಡಿಕೆ ತೋಟವಾಯ್ತು, ಮನೆಗೊಂದು ಬೋರ್‌ವೆಲ್ ಬಂತು. ನನ್ನ ನೀರು ನನ್ನ ಪೈಪಿನಲ್ಲಿ ಬರುವಾಗ ಪಕ್ಕದವನ ಜೊತೆ ಮಣ್ಣು ಹೊರೋದು ಯಾಕೆ, ಅಲ್ವಾ?

ಈಗ ಸರ್ಕಾರ ಕಿಂಡಿ ಅಣೆಕಟ್ಟು ಕಟ್ಟಿಕೊಡುತ್ತೆ. ಒಳ್ಳೇದೇ. ಆದರೆ ಕಾಂಕ್ರೀಟ್ ನೀರು ನಿಲ್ಲಿಸಲ್ಲ ಸ್ವಾಮಿ, ನಿಲ್ಲಿಸೋದು ಹಲಗೆ. ಮಳೆ ನಿಂತ ಮೇಲೆ ಸರಿಯಾದ ಹೊತ್ತಿಗೆ ಹಾಕಬೇಕು, ಮಳೆಗೆ ಮೊದಲು ತೆಗೀಬೇಕು. ಒಂದು ತಿಂಗಳು ತಡವಾಯ್ತೋ, ಹರಿಯೋ ನೀರೇ ಇರಲ್ಲ.

ಮಂಗಳೂರಿನ ವೀಕ್ಷಕರು ‘ನಮಗೇನು’ ಅನ್ನಬೇಡಿ. ಕುಮಾರಧಾರೆ ಉಪ್ಪಿನಂಗಡಿಯಲ್ಲಿ ನೇತ್ರಾವತಿ ಸೇರುತ್ತೆ, ಆ ನೀರು ತುಂಬೆಯಿಂದ ನಿಮ್ಮ ನಲ್ಲಿಗೆ ಬರುತ್ತೆ. 2016 ಮತ್ತು 2019ರ ಬೇಸಿಗೆಯಲ್ಲಿ ನೀರಿಗೆ ರೇಷನ್ ಆಗಿದ್ದು ಮರೆತಿಲ್ಲ ತಾನೇ?

ಡಿಸೆಂಬರ್ ಬಂದಿದೆ. ಪುತ್ತೂರು, ಸುಳ್ಯ, ಕಡಬದವರಿಗೆ ನನ್ನದು ಒಂದೇ ಪ್ರಶ್ನೆ. ನಿಮ್ಮೂರಿನ ಕಿಂಡಿ ಅಣೆಕಟ್ಟಿಗೆ ಹಲಗೆ ಬಿತ್ತಾ? ಬಿದ್ದಿಲ್ಲ ಅಂದ್ರೆ ಈ ಭಾನುವಾರ ಟಿವಿ ಆಫ್ ಮಾಡಿ, ಹೊಳೆಗೆ ಇಳೀರಿ. ನಮ್ಮ ಟಿಆರ್‌ಪಿ ಇಳಿದರೂ ಪರವಾಗಿಲ್ಲ.