ಬರಿದೋ, ಕಾಣೆಯೋ?

ಕಂಪ್ಯೂಟರಿನಲ್ಲಿ ಕಡತಗಳನ್ನು ತುಂಬಿಟ್ಟ ಫೋಲ್ಡರು, ಕೆಲಸ ನಡೆಯುತ್ತಿರುವಾಗಲೇ ಮಾಯವಾಯಿತೆನ್ನಿ. ಆಗ ತಂತ್ರಾಂಶ ಏನು ಮಾಡಬೇಕು? ಇದು ಎಂಜಿನಿಯರುಗಳ ತಲೆನೋವು ಎಂದು ತೋರಬಹುದು. ಆದರೆ ಮದುವೆಯ ಫೋಟೋಗಳನ್ನೂ ಮನೆಯ ಲೆಕ್ಕಪತ್ರಗಳನ್ನೂ ಹೊರಗಿನ ಡಿಸ್ಕಿನಲ್ಲಿ ಕಾಪಿಟ್ಟುಕೊಂಡ ಸಂಸಾರಗಳಿಗೂ ಇದರ ಬಿಸಿ ತಟ್ಟುತ್ತದೆ.

ಮಾಯವಾಗುವುದರಲ್ಲಿಯೂ ಬಗೆಗಳಿವೆ. ಯಾರೋ ಅಳಿಸಿಹಾಕುವುದು ಒಂದು ಬಗೆ. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ ಯೂನಿಕ್ಸ್, ಅದರ ಜಾಡಿನಲ್ಲಿ ಬಂದ ಲಿನಕ್ಸ್, ಇವೆರಡರಲ್ಲಿಯೂ ಒಂದು ವಿಚಿತ್ರವಾದ ಕಟ್ಟಳೆಯಿದೆ. ತೆರೆದಿರುವ ಕಡತವನ್ನು ಅಳಿಸಿದರೆ ಹೋಗುವುದು ಅದರ ಹೆಸರು ಮಾತ್ರ. ತೆರೆದ ತಂತ್ರಾಂಶ ಅದನ್ನು ಮುಚ್ಚುವವರೆಗೂ ಒಳಗಿನ ವಿಷಯ ಉಳಿದಿರುತ್ತದೆ. ಫೋಲ್ಡರಿಗೆ ಆ ಭಾಗ್ಯವಿಲ್ಲ. ಅಳಿಸಿದ ಫೋಲ್ಡರಿನಲ್ಲಿ ಹೊಸ ಕಡತ ಮಾಡಹೊರಟರೆ ‘ಅಂಥದೊಂದು ಇಲ್ಲ’ ಎಂಬ ಉತ್ತರ ಬರುತ್ತದೆ. ಒರಟು ಉತ್ತರವೇ ಸರಿ, ಆದರೆ ನಿಜವಾದದ್ದು.

ನಿಜವಾದ ಅಪಾಯ ಇನ್ನೊಂದು ಬಗೆಯದು. ಲಿನಕ್ಸಿನಲ್ಲಿ ಹೊರಗಿನ ಡಿಸ್ಕನ್ನು ಒಂದು ಖಾಲಿ ಫೋಲ್ಡರಿನ ಮೇಲೆ ಕೂಡಿಸುತ್ತಾರೆ. ಯಂತ್ರವನ್ನು ಮತ್ತೆ ಚಾಲೂ ಮಾಡಿದಾಗ ಡಿಸ್ಕು ಕೂಡಿಕೊಳ್ಳದೆ ಹೋದರೆ, ಆ ಖಾಲಿ ಫೋಲ್ಡರು ಹಾಗೆಯೇ ಎದುರಿಗಿರುತ್ತದೆ. ಉಗ್ರಾಣದ ಬಾಗಿಲು ತೆರೆದಿದೆ, ಒಳಗೆ ಒಂದು ಕಾಳೂ ಇಲ್ಲ! ತಪ್ಪಾಗಿದೆಯೆಂದು ಹೇಳುವವರು ಯಾರು?

ಆಸ್ಟ್ರೇಲಿಯದ ಆಂಡ್ರೂ ಟ್ರಿಡ್ಜೆಲ್ ಮತ್ತು ಪಾಲ್ ಮೆಕೆರಾಸ್ 1996ರಲ್ಲಿ ಹೊರತಂದ ಆರ್‌ಸಿಂಕ್ ಎಂಬ ನಕಲು ತಂತ್ರಾಂಶವನ್ನೇ ನೋಡಿ. ಮೂಲದಲ್ಲಿ ಇಲ್ಲದ್ದನ್ನು ನಕಲಿನಿಂದಲೂ ಅಳಿಸು ಎಂದು ಅದಕ್ಕೆ ಅಪ್ಪಣೆ ಕೊಡಬಹುದು. ಮೂಲವನ್ನು ಓದುವಾಗ ದೋಷ ಕಂಡರೆ ಅದು ತಾನಾಗಿಯೇ ಅಳಿಸುವುದನ್ನು ನಿಲ್ಲಿಸುತ್ತದೆ. ಬಲ್ಲವರು ಮಾಡಿದ ಏರ್ಪಾಡು ಅದು. ಆದರೆ ಖಾಲಿ ಫೋಲ್ಡರನ್ನು ಓದುವುದರಲ್ಲಿ ದೋಷವೇನೂ ಇಲ್ಲವಲ್ಲ! ಮೂಲ ಬರಿದಾಗಿದೆ ಎಂದು ನಂಬಿ ಅದು ನಕಲನ್ನೂ ಬರಿದು ಮಾಡುತ್ತದೆ. ಕಾಪಾಡಬೇಕಾದ ಕೈಯೇ ಕಳೆಯುವುದು ಹೀಗೆ.

2013ರಲ್ಲಿ ಬಂದ ಸಿಂಕ್‌ಥಿಂಗ್ ಇದಕ್ಕೆ ಸರಳವಾದ ಉಪಾಯವನ್ನು ಹಿಡಿದಿದೆ. ತಾನು ನೋಡಿಕೊಳ್ಳುವ ಪ್ರತಿಯೊಂದು ಫೋಲ್ಡರಿನಲ್ಲಿಯೂ ಒಂದು ಗುರುತನ್ನು ಇಟ್ಟಿರುತ್ತದೆ. ಗುರುತು ಕಾಣದಿದ್ದರೆ ‘ಎಲ್ಲವನ್ನೂ ಅಳಿಸಿದ್ದಾರೆ’ ಎಂದು ತೀರ್ಮಾನಿಸದೆ, ಆ ಫೋಲ್ಡರಿನ ಕೆಲಸವನ್ನು ನಿಲ್ಲಿಸಿ ದೂರು ಹೇಳುತ್ತದೆ. ಇದು ಜಾಣತನವೆಂದೇ ನನ್ನ ಎಣಿಕೆ. ಕೆಲವರು ಈ ದೂರಿಗೆ ಬೇಸತ್ತು ಗುರುತನ್ನು ಕೈಯಾರೆ ಮತ್ತೆ ಮಾಡಿಡುವುದುಂಟು. ಅದು ಕಾವಲುನಾಯಿಯ ಬಾಯಿ ಕಟ್ಟಿದಂತೆ.

ಆರ್‌ಸಿಂಕ್ ಬಳಸುವವರೂ ಇದನ್ನೇ ಮಾಡಬಹುದು. ಡಿಸ್ಕಿನಲ್ಲಿ ಒಂದು ಗುರುತಿನ ಕಡತವಿರಲಿ. ಅದು ಕಂಡರೆ ಮಾತ್ರ ನಕಲು ಆರಂಭವಾಗಲಿ. ಎಷ್ಟು ಕಡತಗಳವರೆಗೆ ಅಳಿಸಬಹುದೆಂದು ಮಿತಿ ಹಾಕುವ ಅನುಕೂಲವೂ ಅದರಲ್ಲಿದೆ. ಗುರುತನ್ನು ಇಡುವಾಗ ಮಾತ್ರ ಡಿಸ್ಕು ಕೂಡಿಕೊಂಡಿದೆಯೇ ಎಂದು ನೋಡಿಕೊಳ್ಳಿ. ಕಳಚಿದ್ದಾಗ ಇಟ್ಟರೆ ಅದು ಕೆಳಗಿನ ಖಾಲಿ ಫೋಲ್ಡರಿನಲ್ಲಿಯೇ ಕುಳಿತು, ಡಿಸ್ಕು ಇಲ್ಲದ ದಿನವೂ ‘ಎಲ್ಲ ಸರಿಯಾಗಿದೆ’ ಎನ್ನುತ್ತಿರುತ್ತದೆ.